ನಂಜು ಎಂಬ ಪದಕ್ಕೊಂದು ತಿದ್ದುಪಡಿ

ಬಸವೇಶ್ವರನಗರದಲ್ಲಿ ಏಕಾಂತಯ್ಯ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಜರ್ನಲ್ ಏಕಾಂತಯ್ಯ ಅನ್ನಿ, ಹಾಲಿನ ಬೂತಿನವನು ಅರ್ಧ ದಾರಿ ಜೊತೆಗೇ ಬಂದು ಮನೆ ತೋರಿಸುತ್ತಾನೆ. ಜರ್ನಲ್ ಅಂದರೆ ಏನಪ್ಪಾ ಅಂತ ಮಾತ್ರ ಅವನನ್ನು ಕೇಳಬೇಡಿ. ಅದು ಅವನಿಗೂ ಗೊತ್ತಿಲ್ಲ, ಆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಜರ್ನಲ್ ಅಂದರೆ ಏಕಾಂತಯ್ಯನವರ ಮನೆತನದ ಹೆಸರು ಅಂದುಕೊಂಡವರೂ ಇದ್ದರು.

ಅದು ಮೂರು ತಿಂಗಳಿಗೊಮ್ಮೆ ಬರುವ ಇಂಗ್ಲಿಷ್ ವೈದ್ಯಕೀಯ ಪತ್ರಿಕೆ. ರಾಜಾಜಿನಗರ, ವಿಜಯನಗರದ ಕಡೆಯ ಒಂದಷ್ಟು ಡಾಕ್ಟರುಗಳು ಎಪ್ಪತ್ತೇಳನೇ ಇಸವಿಯಲ್ಲಿ ಹುಮ್ಮಸ್ಸಿನಿಂದ ಶುರು ಮಾಡಿದ್ದು. ಸಂಪಾದಕರು ಡಾಕ್ಟರ್ ಚನ್ನವೀರಪ್ಪ. ಅವರ ಕ್ಲಿನಿಕ್ಕಿನ ಮೇಲಿನ ಕೋಣೆಯೇ ಆಫೀಸು. ಆ ಕೋಣೆಗೆ ಚನ್ನಗಿರಿ ಕಡೆಯಿಂದ ಬಂದ ಇಪ್ಪತ್ತೈದರ ಏಕಾಂತಯ್ಯ ಮೊದಲ ಸಂಚಿಕೆಯ ಪ್ರೂಫ್ ನೋಡಲು ಸೇರಿದವರು, ಎರಡು ಸಾವಿರದ ಎಂಟರಲ್ಲೂ ಅಲ್ಲೇ ಕೂತಿದ್ದರು. ಪ್ರೂಫ್ ತಿದ್ದುವವರು ಅವರೇ, ವಿಳಾಸ ಬರೆಯುವವರು ಅವರೇ, ಅಂಚೆಗೆ ಹಾಕುವವರೂ ಅವರೇ. ಮೂವತ್ತೊಂದು ವರ್ಷದಲ್ಲಿ ಒಂದು ಸಂಚಿಕೆಯೂ ಒಂದು ದಿನ ತಡವಾಗಿರಲಿಲ್ಲ.

ಮರದ ಸ್ಕೇಲೊಂದನ್ನು ಸಾಲಿನ ಕೆಳಗಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಓದುವುದು ಅವರ ಪದ್ಧತಿ. ಹೀಗೆ ಓದಿ ಓದಿ ಅರ್ಧ ವೈದ್ಯಶಾಸ್ತ್ರ ಅವರ ತಲೆಗೆ ಹೊಕ್ಕಿತ್ತು. ಆದರೂ ಪಕ್ಕದ ಮನೆಯವರು ಮಾತ್ರೆ ಚೀಟಿ ಹಿಡಿದುಕೊಂಡು ಬಂದರೆ, “ನಾನು ಡಾಕ್ಟರಲ್ಲಮ್ಮ, ಅಕ್ಷರ ನೋಡೋನು” ಅಂತ ಬಾಗಿಲಲ್ಲೇ ಸಾಗಹಾಕುತ್ತಿದ್ದರು. ಚೀಟಿಯಲ್ಲಿ ಕಾಗುಣಿತ ತಪ್ಪಿದ್ದರೆ ಅದನ್ನು ತಿದ್ದಿ ಕಳಿಸುತ್ತಿದ್ದರು ಅನ್ನುವುದು ಬೇರೆ ಮಾತು.

ತಪ್ಪು ಕಂಡರೆ ಸುಮ್ಮನಿರುವ ಜೀವವೇ ಅಲ್ಲ ಅದು. ಪಶ್ಚಿಮ ಬೆಂಗಳೂರಿನ ಯಾವ ಅಂಗಡಿಯ ಬೋರ್ಡಿನಲ್ಲಿ ಯಾವ ಅಕ್ಷರ ತಪ್ಪಿದೆ ಅನ್ನುವುದು ಅವರಿಗೆ ಬಾಯಿಪಾಠ. ಒಮ್ಮೆ ಹೆಂಡತಿ ಜಗದಾಂಬಾ ವಿಜಯನಗರದಿಂದ ಬಿಸಿ ಬೋಂಡಾ ಕಟ್ಟಿಸಿಕೊಂಡು ಬಂದಾಗ, ಸುತ್ತಿದ ಕಾಗದ ಜರ್ನಲ್ಲಿನದೇ ಹಾಳೆಯಾಗಿತ್ತು. ಗಂಡ ಅದನ್ನು ನೋಡಿ ಸಂಕಟಪಡುತ್ತಾರೇನೋ ಅಂತ ಆಕೆ ಹೆದರಿದರು. ಈ ಮಹಾರಾಯರು ಎಣ್ಣೆ ಒರೆಸಿ, ಕನ್ನಡಕ ಹಾಕಿಕೊಂಡು ಓದಿ, “ಅಯ್ಯೋ, ಇಲ್ಲೊಂದು ಕಾಮಾ ಬಿಟ್ಟೋಗಿದೆ ಕಣೇ” ಅಂತ ಸಂಕಟಪಟ್ಟರು.

ಆ ಹಾಳೆ ಬೋಂಡಾದ ಅಂಗಡಿಗೆ ಹೋದದ್ದು ಹೇಗೆ ಅಂತ ಅವರು ಆಗ ಯೋಚಿಸಲಿಲ್ಲ. ಯೋಚಿಸುವಂತೆ ಮಾಡಿದ್ದು ಎರಡು ಸಾವಿರದ ಎಂಟರ ಫೆಬ್ರವರಿಯಲ್ಲಿ ನಡೆದ ಸಂಪಾದಕ ಮಂಡಳಿಯ ಸಭೆ. ಡಾಕ್ಟರುಗಳು ಕಾಫಿ ಕುಡಿದು, ಗೋಡಂಬಿ ತಿಂದು, ಜರ್ನಲ್ ನಿಲ್ಲಿಸೋಣ ಅಂತ ಮಾತಾಡಿಕೊಂಡರು. ಚನ್ನವೀರಪ್ಪನವರು ಎಲ್ಲರೂ ಹೋದ ಮೇಲೆ ಮೇಲಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು.

“ಬೇಜಾರ್ ಮಾಡ್ಕೋಬೇಡಿ ಏಕಾಂತಯ್ಯ. ಕಳಿಸಿದ ಕಾಪಿನ ಯಾರೂ ಕವರ್ ಕೂಡ ಬಿಚ್ಚಲ್ಲ. ನನ್ನ ಟೇಬಲ್ ಮೇಲೇ ಮೂರು ಹಾಗೇ ಬಿದ್ದಿವೆ.”

“ಓದೋರು ಇದಾರೆ ಸಾರ್. ಹೇಳಲ್ಲ ಅಷ್ಟೇ.”

“ಹಾಗಾದ್ರೆ ಒಬ್ಬನ್ನ ತೋರಿಸಿ. ನಮ್ಮ ಜರ್ನಲ್ ಓದಿ, ಅದರಲ್ಲಿ ಬರೆದಂಗೆ ಏನಾದ್ರೂ ಮಾಡಿದೋನು ಒಬ್ಬ ಇದಾನಾ? ಆಗಸ್ಟ್ ಸಭೆಗೆ ಅವನನ್ನ ತೋರಿಸಿ, ನಾನು ನಿಲ್ಲಿಸೋಕೆ ಬಿಡಲ್ಲ.”

ಡಾಕ್ಟರು ಸಮಾಧಾನಕ್ಕೆ ಅಂದ ಮಾತು ಅದು. ಏಕಾಂತಯ್ಯ ಅದನ್ನು ಕರಾರು ಅಂತಲೇ ತೆಗೆದುಕೊಂಡರು. ಒಬ್ಬ ಓದುಗ ಬೇಕು, ಆಗಸ್ಟ್ ಒಳಗೆ ಬೇಕು. ಮನೆಗೆ ಬಂದು ಊಟಕ್ಕೆ ಕೂತಾಗಲೂ ಅದನ್ನೇ ಗೊಣಗುತ್ತಿದ್ದರು.

ದಾರಿ ತೋರಿಸಿದ್ದು ಮಗಳು ವಚನಾ. ಬಿಸಿಎ ಕೊನೆಯ ವರ್ಷದ ಹುಡುಗಿ, ಆಗಿನ ಎಲ್ಲ ಹುಡುಗಿಯರಂತೆ ಸದಾ ಅಂತರ್ಜಾಲದ ಹರಟೆಕಟ್ಟೆಯಾದ ಆರ್ಕುಟ್‌ನಲ್ಲಿ. “ಅಪ್ಪ, ಓದೋರೆಲ್ಲ ಈಗ ಇಲ್ಲಿದಾರೆ. ನೀನು ಅಂಚೆಪೆಟ್ಟಿಗೆ ಮುಂದೆ ನಿಂತಿದೀಯ” ಅಂದವಳೇ ಅಪ್ಪನ ಹೆಸರಿನಲ್ಲಿ ಒಂದು ಪ್ರೊಫೈಲ್, ಜರ್ನಲ್ ಹೆಸರಿನಲ್ಲಿ ಒಂದು ಕಮ್ಯುನಿಟಿ ಮಾಡಿಕೊಟ್ಟಳು. ಪ್ರತಿ ಲೇಖನದ ಸಾರಾಂಶವನ್ನು ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಅಪ್ಪ ಬರೆಯಬೇಕು, ಅವಳು ಹಾಕಬೇಕು ಅಂತಾಯಿತು. ಚನ್ನವೀರಪ್ಪನವರನ್ನು ಕೇಳಿದ್ದಕ್ಕೆ ಅವರು ಪೇಷೆಂಟಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟುಕೊಂಡೇ “ಮಾಡಿ ಮಾಡಿ” ಅಂದುಬಿಟ್ಟರು.

ಮೂರನೇ ದಿನ ಬೆಳಿಗ್ಗೆ ವಚನಾ ಒಳಗಿನಿಂದ ಕೂಗಿದಳು: “ಅಪ್ಪ, ಸ್ಕ್ರ್ಯಾಪ್ ಬಂದಿದೆ.”

ಏಕಾಂತಯ್ಯ ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುತ್ತಿದ್ದವರು ಹಾಗೇ ಓಡಿಬಂದರು. ಹಜಾರದ ಮೂಲೆಯಲ್ಲಿ ಹಳೆಯ ಸಂಚಿಕೆಗಳ ಕಟ್ಟುಗಳು ಸೂರು ಮುಟ್ಟುವಂತೆ ನಿಂತಿದ್ದವು. ಅವನ್ನು ಗುಜರಿಗೆ ಹಾಕುತ್ತೇನೆ ಅಂತ ಜಗದಾಂಬಾ ಹತ್ತು ವರ್ಷದಿಂದ ಹೆದರಿಸುತ್ತಿದ್ದರು. ಇವರು ಕಟ್ಟುಗಳಿಗೆ ಅಡ್ಡ ನಿಂತು, “ಒಂದು ಹಾಳೆ ಮುಟ್ಟಿದ್ರೆ ನೋಡು, ಆ ಗುಜರಿಯವನನ್ನ ವಾಪಸ್ ಕಳಿಸು” ಅಂದರು. ಆರ್ಕುಟ್‌ನಲ್ಲಿ ಬರುವ ಸಂದೇಶಕ್ಕೆ ಸ್ಕ್ರ್ಯಾಪ್ ಅನ್ನುತ್ತಾರೆ ಅಂತ ತಿಳಿಸುವಷ್ಟರಲ್ಲಿ ತಾಯಿ ಮಗಳು ನಕ್ಕು ನಕ್ಕು ಸುಸ್ತಾದರು. “ಓದುಗರ ಪತ್ರಕ್ಕೆ ಗುಜರಿ ಅಂತ ಹೆಸರಿಟ್ಟೋರು ಯಾವ ಸೀಮೆಯೋರೇ” ಅಂತ ಅವರಿಗೆ ಮಾತ್ರ ಸಿಟ್ಟು.

ಆದರೂ ಒಂದೊಂದು ಸ್ಕ್ರ್ಯಾಪಿಗೂ ಉತ್ತರ ಕೊಟ್ಟರು. ‘ಮಾನ್ಯರೇ, ತಮ್ಮ ಪತ್ರ ತಲುಪಿತು’ ಅಂತ ಶುರು, ‘ಇಂತಿ ತಮ್ಮ ವಿಶ್ವಾಸಿ’ ಅಂತ ಮುಕ್ತಾಯ. ವಚನಾಳ ಗೆಳತಿ ಚೇತನಾ ‘hi uncle’ ಅಂತ ಹಾಕಿದ್ದಕ್ಕೂ ಹೀಗೇ ನಾಲ್ಕು ಸಾಲಿನ ಉತ್ತರ ಹೋಯಿತು. ಎರಡು ತಿಂಗಳಾದರೂ ಕಮ್ಯುನಿಟಿಯಲ್ಲಿದ್ದವರು ಹದಿನಾಲ್ಕು ಜನ. ಅವರಲ್ಲಿ ಹನ್ನೊಂದು ಮಂದಿ ಅವಳ ಕ್ಲಾಸಿನವರು, ಅವಳ ಕಾಟಕ್ಕೆ ಸೇರಿದವರು.

ಹೀಗಿರುವಾಗ ಸಕ್ಕರೆ ಕಾಯಿಲೆಯವರ ಕಾಲಿನ ಗಾಯದ ಬಗ್ಗೆ ಒಂದು ಲೇಖನ ಬಂತು. ಸಾರಾಂಶ ಬರೆಯಲು ಕೂತ ಏಕಾಂತಯ್ಯನವರಿಗೆ ಒಂದು ಪದ ಅಡ್ಡ ಬಂತು. ಇನ್‌ಫೆಕ್ಷನ್. ಸೋಂಕು ಅನ್ನಬಹುದಿತ್ತು, ಅದು ಸರ್ಕಾರಿ ಕರಪತ್ರದ ಮಾತಿನಂತೆ ಕೇಳಿತು. ಇಡೀ ಮಧ್ಯಾಹ್ನ ಹುಡುಕಿದರು. ಕೊನೆಗೆ ಅವರ ತಾಯಿ ಅನ್ನುತ್ತಿದ್ದ ಮಾತು ನೆನಪಾಯಿತು. ತುಕ್ಕು ಮೊಳೆ ಚುಚ್ಚಿದಾಗ ಆಕೆ, “ನಂಜಾದೀತು, ತೊಳಕೋ” ಅನ್ನುತ್ತಿದ್ದರು. ಏಕಾಂತಯ್ಯನವರಿಗೆ ನಿಧಿ ಸಿಕ್ಕಷ್ಟು ಖುಷಿಯಾಯಿತು. ‘ಕಾಲಿನ ಗಾಯಕ್ಕೆ ಮೊದಲು ನಂಜು ತಡೆಯಬೇಕು. ನಂಜು ತಡೆದರೆ ಕಾಲು ಉಳಿಯುತ್ತದೆ’ ಅಂತ ಬರೆದರು. ಮಗಳಿಗೆ ಎರಡು ಸಲ ಓದಿ ಹೇಳಿದರು. ಕಂಪ್ಯೂಟರಿನ ಕನ್ನಡ ಅಕ್ಷರ ಬ್ರೌಸಿಂಗ್ ಸೆಂಟರುಗಳಲ್ಲಿ ಬರೀ ಡಬ್ಬಿ ಡಬ್ಬಿಯಾಗಿ ಕಾಣುತ್ತದೆ ಅಂತ ಅವಳು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಹಾಕಿದಳು.

ಅದು ಹಬ್ಬಿತು ನೋಡಿ. ಯಾರೋ ಎತ್ತಿ ಇನ್ನೆಲ್ಲಿಗೋ ಹಾಕಿದರು, ಇನ್ನಾರೋ ಇಮೇಲಿನಲ್ಲಿ ಕಳಿಸಿದರು. ಮೂರು ವಾರದಲ್ಲಿ ಹದಿನಾಲ್ಕಿದ್ದವರು ಇನ್ನೂರು ದಾಟಿದರು. ‘ಸೂಪರ್ ಸಾರ್’, ‘ನಮ್ಮ ಭಾಷೆಯಲ್ಲಿ ಹೇಳಿದಿರಿ’ ಅಂತ ಸ್ಕ್ರ್ಯಾಪಿನ ಮೇಲೆ ಸ್ಕ್ರ್ಯಾಪ್. ಏಕಾಂತಯ್ಯ ಆ ದಿನಗಳಲ್ಲಿ ನಡೆಯುವ ಧಾಟಿಯೇ ಬದಲಾಗಿತ್ತು. ಹಾಲಿನ ಬೂತಿನವನಿಗೂ ಒಂದು ದಿನ ಜರ್ನಲ್ ಅಂದರೆ ಏನು ಅಂತ ನಿಂತು ವಿವರಿಸಿದರು, ಪಾಪ, ಅವನು ಟೀಗಿಟ್ಟ ಹಾಲು ಉಕ್ಕಿ ಹೋಯಿತು.

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಆಫೀಸಿಗೆ ಹೊರಡುವ ಮುಂಚೆ, ಹೊಸ ಸ್ಕ್ರ್ಯಾಪೊಂದು ಕಂಡಿತು. ಹಿಂದಿನ ದಿನ ಫಕೀರೇಶ ಎನ್ನುವವನು ಹಾಕಿದ್ದು. ಇಂಗ್ಲಿಷ್ ಅಕ್ಷರದಲ್ಲಿದ್ದ ಆ ಕನ್ನಡವನ್ನು ಅವರು ಪರದೆಯ ಮೇಲೆ ಸ್ಕೇಲಿಟ್ಟುಕೊಂಡು ಜೋರಾಗಿ ಓದಿದರು:

“ಸರ್ ನಮಸ್ಕಾರ್ರಿ. ನಿಮ್ಮ ಜರ್ನಲ್ಲಿನಾಗ ಬರದಿದ್ದು ಓದಿ ಹಂಗ ಮಾಡೇವ್ರಿ.”

ಅಷ್ಟಕ್ಕೇ ನಿಲ್ಲಿಸಿ, “ಸಿಕ್ಕಿದ ಕಣೇ” ಅಂದರು. “ಜಗದಾಂಬಾ, ಬಾ ಇಲ್ಲಿ. ಒಬ್ಬ ಸಿಕ್ಕಿದ.” ಆಕೆ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ನಿಂತರು. ಅವರು ಮುಂದೆ ಓದಿದರು:

“ನಮ್ಮವ್ವಗ ಸಕ್ರಿ ಜಡ್ಡ ಐತ್ರಿ. ಕಾಲಾಗ ಗಾಯ ಆಗೇತ್ರಿ. ನೀವು ನಂಜು ತಡೀಬೇಕು ಅಂದದ್ದಕ್ಕ ನಂಜಿಂದೆಲ್ಲ ಬಿಡಿಸೇನ್ರಿ. ಬದನೀಕಾಯಿ, ಕುಂಬಳಕಾಯಿ, ಶೇಂಗಾ ಎಲ್ಲಾ ಬಂದ್. ದವಾಖಾನಿಗೆ ಹೋಗೂಣು ಅಂದ್ರ ಅವ್ವ ಒಲ್ಲೆ ಅಂದ್ಲು, ಪಥ್ಯದಾಗ ವಾಸಿ ಆಗ್ತೈತಿ ಅಂತ. ಇಪ್ಪತ್ತು ದಿನಾ ಆತ್ರಿ. ಬೆರಳು ಸ್ವಲ್ಪ ಕಪ್ಪಗಾಗೇತ್ರಿ. ಇನ್ನ ಯಾವ ಯಾವ ನಂಜು ಬಿಡಬೇಕ್ರಿ?”

ಅಡುಗೆಮನೆಯಲ್ಲಿ ಸಾಸಿವೆ ಸೀಯುತ್ತಿತ್ತು. ಏಕಾಂತಯ್ಯನವರ ತಾಯಿಗೂ ಬದನೆಕಾಯಿ ನಂಜೇ ಆಗಿತ್ತು. ಗಾಯವಾದವರಿಗೆ ಆಕೆ ಅದನ್ನು ಬಡಿಸುತ್ತಿರಲಿಲ್ಲ. ಆ ಒಂದು ಪದದಲ್ಲಿ ಎರಡು ಅರ್ಥ ಇದ್ದದ್ದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಖುಷಿಯಲ್ಲಿ ಮರೆತಿದ್ದರು.

“ಫೋನ್ ನಂಬರ್ ಇದೆಯಾ ನೋಡೇ.”

ಇರಲಿಲ್ಲ. ಪ್ರೊಫೈಲಿನಲ್ಲಿ ಇದ್ದದ್ದು ಊರು ರೋಣ, ಈಗ ಅತ್ತಿಗುಪ್ಪೆ, ಕೊರಿಯರ್ ಕೆಲಸ ಅಂತ ಅಷ್ಟೇ. ಅವನ ಹಳೆಯ ಸ್ಕ್ರ್ಯಾಪುಗಳೆಲ್ಲ ಭಾನುವಾರದವೇ. ರಜೆಯ ದಿನ ಬ್ರೌಸಿಂಗ್ ಸೆಂಟರಿಗೆ ಬಂದು ನೋಡುವವನು. ಉತ್ತರ ಬರೆದರೆ ಮುಂದಿನ ಭಾನುವಾರದ ತನಕ ನೋಡುವುದಿಲ್ಲ. ಕಪ್ಪಾದ ಬೆರಳಿಗೆ ಆರು ದಿನ ಅಂದರೆ ಏನು ಅನ್ನುವುದು ಆ ಲೇಖನದ ಮೂರು ಪ್ರೂಫ್ ನೋಡಿದ ಏಕಾಂತಯ್ಯನವರಿಗೆ ಚೆನ್ನಾಗಿ ಗೊತ್ತಿತ್ತು.

ಪ್ರೊಫೈಲಿನಲ್ಲಿ ಒಂದು ಫೋಟೋ ಇತ್ತು. ಬೈಕಿಗೆ ಒರಗಿ ನಿಂತ ಫಕೀರೇಶ, ಕಣ್ಣಿಗೆ ಕಪ್ಪು ಕನ್ನಡಕ, ತಲೆಯ ಹಿಂದೆ ಯಾವುದೋ ಅಂಗಡಿಯ ಅರ್ಧ ಬೋರ್ಡು. ವಚನಾ ಅವನ ಮುಖ ನೋಡುತ್ತಿದ್ದಳು, ಅಪ್ಪ ಬೋರ್ಡು ನೋಡುತ್ತಿದ್ದರು. ‘ಶ್ರೀ ರೇಣುಖಾ ಪ್ರಾವಿ’ ಅನ್ನುವಷ್ಟು ಕಾಣುತ್ತಿತ್ತು.

“ರೇಣುಕಾಗೆ ಖ ಹಾಕಿದಾನೆ. ಇದು ಬೈರಯ್ಯನ ಅಂಗಡಿ. ಗಾಡಿ ತೆಗಿ” ಅಂದರು.

ಎರಡು ವರ್ಷದ ಹಿಂದೆ ಅತ್ತಿಗುಪ್ಪೆಯ ಆ ಅಂಗಡಿಗೆ ಹೋಗಿ, ಅಕ್ಷರ ತಿದ್ದಿಸಿ ಅಂತ ಹೇಳಿ, ಮೂಟೆ ಹೊರುವವರ ಮುಂದೆ ಬೈಸಿಕೊಂಡು ಬಂದಿದ್ದರು. ಮಗಳ ಸ್ಕೂಟಿಯ ಹಿಂದೆ ಕೂತು ಹೋಗಿ ಇಳಿದಾಗ ಬೈರಯ್ಯ ದೂರದಿಂದಲೇ ಗುರುತು ಹಿಡಿದ. “ಬಂದ್ರಾ ಸ್ವಾಮಿ? ಇನ್ನೂ ಬದಲಾಯಿಸಿಲ್ಲ, ಬದಲಾಯಿಸೋದೂ ಇಲ್ಲ.”

“ಬದಲಾಯಿಸ್ಬೇಡಿ. ಪುಣ್ಯಾತ್ಮ ನೀವು. ಕೊರಿಯರ್ ಫಕೀರೇಶನ ಮನೆ ಯಾವುದು?”

ಮನೆ ಹಿಂದಿನ ಗಲ್ಲಿಯಲ್ಲೇ ಇತ್ತು. ಶೀಟಿನ ಒಂದು ಕೋಣೆ. ಫಕೀರೇಶ ಕೆಲಸಕ್ಕೆ ಹೋಗಿದ್ದ. ಅವನ ತಾಯಿ ಮುತ್ತವ್ವ ಬಾಗಿಲಲ್ಲಿ ಕಾಲು ಚಾಚಿಕೊಂಡು ಅಕ್ಕಿ ಆರಿಸುತ್ತಿದ್ದಳು. ಪಾದಕ್ಕೆ ಹಳೆಯ ಸೀರೆಯ ಚೂರು ಸುತ್ತಿತ್ತು. ಬಂದವರು ಯಾರು ಅಂತ ವಚನಾ ಹೇಳಿದ ಕೂಡಲೇ ಆ ಹೆಂಗಸಿನ ಮುಖ ಅರಳಿತು.

“ನೀವೇನ್ರಿ ಬರದವರು? ಬರ್ರಿ, ಕುಂದರ್ರಿ. ನೀವು ಹೇಳಿದ ಮ್ಯಾಲ ಒಂದ್ ಹೋಳ ಬದನೀಕಾಯಿ ಬಾಯಾಗ ಇಟ್ಟಿಲ್ರಿ ನಾನು. ಮಗ ಸಾಕ್ಷಿ ಅದಾನ. ಎಣಗಾಯಿ ಅಂದ್ರ ಜೀವಾ ಬಿಡ್ತಿದ್ದೆ, ಆದ್ರೂ ಮುಟ್ಟಿಲ್ಲ.”

ಏಕಾಂತಯ್ಯನವರಿಗೆ ಆ ಮಾತು ಚುಚ್ಚಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಇಷ್ಟು ಶ್ರದ್ಧೆಯಿಂದ ಅವರ ಅಕ್ಷರವನ್ನು ಈ ತನಕ ಯಾರೂ ಪಾಲಿಸಿರಲಿಲ್ಲ, ಹೆಂಡತಿ ಮಗಳನ್ನೂ ಸೇರಿಸಿ. ಆಕೆಯ ಎದುರು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತರು.

“ಅಮ್ಮ, ನಾನು ತಪ್ಪು ಬರೆದೆ. ನಂಜು ಅಂದ್ರೆ ಊಟದ್ದಲ್ಲ, ಗಾಯದೊಳಗೆ ಸೇರೋ ಕ್ರಿಮಿ. ಅದು ಪಥ್ಯಕ್ಕೆ ಹೋಗಲ್ಲ, ಔಷಧಿನೇ ಆಗ್ಬೇಕು. ಈಗಲೇ ಹೊರಡಬೇಕು ನೀವು.”

“ಹಂಗಾರ ಇಪ್ಪತ್ತ ದಿನಾ ನಾ ಸುಮ್ಮನ ಬಿಟ್ಟೆನೇನ್ರಿ ಎಣಗಾಯಿ?” ಅಂದಳು ಮುತ್ತವ್ವ. ಅವಳಿಗೆ ಆ ಹೊತ್ತಿಗೆ ಹತ್ತಿದ ಚಿಂತೆ ಅದೊಂದೇ.

ಆಟೋದಲ್ಲಿ ಅವಳನ್ನು ಚನ್ನವೀರಪ್ಪನವರ ಕ್ಲಿನಿಕ್ಕಿಗೆ ಕರೆತಂದರು. ಡಾಕ್ಟರು ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿ, ಕೂಡಲೇ ದೊಡ್ಡಾಸ್ಪತ್ರೆಗೆ ಫೋನು ಮಾಡಿದರು. ಸುದ್ದಿ ತಿಳಿದು ಫಕೀರೇಶ ಕೊರಿಯರ್ ಚೀಲದ ಸಮೇತ ಓಡಿಬಂದ. ಕಿರುಬೆರಳು ತೆಗೆಯಬೇಕಾಯಿತು. ಪಾದ ಉಳಿಯಿತು. “ಇನ್ನೊಂದು ವಾರ ಬಿಟ್ಟಿದ್ರೆ ಮೊಣಕಾಲಿನ ತನಕ ಹೋಗ್ತಿತ್ತು. ಯಾವನೋ ಪುಣ್ಯಾತ್ಮ ಪಥ್ಯ ಹೇಳಿದ್ದನಂತೆ” ಅಂದರು ಚನ್ನವೀರಪ್ಪ. ಆ ಪುಣ್ಯಾತ್ಮ ಎದುರಿಗೇ ನಿಂತಿದ್ದ. ಅದನ್ನು ಹೇಳದೆಯೇ ಔಷಧಿ ಚೀಟಿ ತೆಗೆದುಕೊಂಡು ಅಂಗಡಿಗೆ ಹೊರಟ.

ಆಮೇಲಿನ ದಿನಗಳು ಏಕಾಂತಯ್ಯನವರಿಗೆ ಹೇಗೆ ಕಳೆದವೋ ಅವರಿಗೇ ಗೊತ್ತು. ಡಾಕ್ಟರು ಕೇಳಿದ ಓದುಗ ಸಿಕ್ಕಿದ್ದ. ಜರ್ನಲ್ ಓದಿ ಅದರಂತೆ ನಡೆದವನು. ಅವನನ್ನು ಸಭೆಗೆ ತೋರಿಸಿದರೆ ಕೆಲಸ ಕೆಟ್ಟ ಕತೆಯನ್ನೂ ಹೇಳಬೇಕು, ಹೇಳಿದರೆ ಜರ್ನಲ್ ಅವತ್ತೇ ಮುಚ್ಚುತ್ತಾರೆ. ಹೇಳದಿದ್ದರೂ ಮುಚ್ಚುತ್ತಾರೆ, ಮರ್ಯಾದೆಯಿಂದ ಮುಚ್ಚುತ್ತಾರೆ ಅಷ್ಟೇ.

“ಅಪ್ಪ, ಡಿಲೀಟ್ ಮಾಡಿದ್ರೆ ಆಯ್ತು. ಒಂದು ಕ್ಲಿಕ್ಕು. ಯಾರಿಗೂ ಗೊತ್ತಾಗಲ್ಲ” ಅಂದಳು ವಚನಾ. ಅವಳಿಗೂ ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ.

“ಅಚ್ಚಾಗಿದ್ದನ್ನ ಅಳಿಸಬಾರದು ಕಣಮ್ಮ.”

“ಇದು ಅಚ್ಚಲ್ಲಪ್ಪ, ಆರ್ಕುಟ್ಟು.”

“ಓದಿದೋರಿಗೆ ಅಚ್ಚೇ. ಅಳಿಸಿದ್ರೆ ಈಗಾಗಲೇ ಬದನೆಕಾಯಿ ಬಿಟ್ಟು ಕೂತಿರೋರಿಗೆ ಯಾರು ಹೇಳ್ತಾರೆ? ಎಲ್ಲ ಜರ್ನಲ್ಲುಗಳಲ್ಲೂ ಒಂದು ಪದ್ಧತಿ ಇದೆ. ತಪ್ಪನ್ನ ಹಾಗೇ ಬಿಡಬೇಕು, ಪಕ್ಕದಲ್ಲಿ ತಿದ್ದುಪಡಿ ಹಾಕಬೇಕು, ಹೆಸರು ಹಾಕಬೇಕು.”

ಮೊದಲು ಆರ್ಕುಟ್‌ಗೆ ಹಾಕಿಸಿದರು, ಸೇರಿದ್ದ ಇನ್ನೂರು ಚಿಲ್ಲರೆ ಮಂದಿಗೂ ಒಬ್ಬೊಬ್ಬರಿಗೆ ಬೇರೆ ಬೇರೆ ಸ್ಕ್ರ್ಯಾಪ್ ಕಳಿಸಿದರು. ಒಂದೇ ಬೆರಳಿನಲ್ಲಿ ಹೊಡೆಯುವವರಿಗೆ ಅದಕ್ಕೆ ಎಂಟು ದಿನ ಹಿಡಿಯಿತು. ಜಗದಾಂಬಾ ಬೈಯುತ್ತಲೇ ಪಕ್ಕದಲ್ಲಿ ಕಾಫಿ ಇಡುತ್ತಿದ್ದರು.

ಆಗಸ್ಟ್ ಸಭೆಗೆ ಆ ತಿದ್ದುಪಡಿಯ ಪ್ರೂಫ್ ತೆಗೆದುಕೊಂಡು ಹೋದರು. ಮೂವತ್ತೊಂದು ವರ್ಷದ ಇಂಗ್ಲಿಷ್ ಪತ್ರಿಕೆಗೆ ಮೊದಲ ಕನ್ನಡದ ಸಾಲುಗಳು. ನಿಂತುಕೊಂಡೇ ಓದಿದರು: ‘ಕಾಲಿನ ಗಾಯದ ಲೇಖನದ ಸಾರಾಂಶದಲ್ಲಿ ನಂಜು ಎಂಬ ಪದ ಬಳಸಿದ್ದು ತಪ್ಪು. ಸೋಂಕು ಎಂದಿರಬೇಕಿತ್ತು. ಇದಕ್ಕೆ ಪಥ್ಯ ಮದ್ದಲ್ಲ, ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಈ ತಪ್ಪಿನಿಂದ ಅತ್ತಿಗುಪ್ಪೆಯ ಒಬ್ಬ ತಾಯಿ ಕಾಲಿನ ಬೆರಳು ಕಳೆದುಕೊಂಡಿದ್ದಾರೆ. ತಪ್ಪು ಬರೆದವನು ಏಕಾಂತಯ್ಯ, ಪ್ರೂಫ್ ರೀಡರ್.’

ಡಾಕ್ಟರ್ ಶಿವಬಸಪ್ಪನವರು ಕಾಫಿ ಲೋಟ ಕುಕ್ಕಿದರು. “ಏನ್ರೀ ಇದು? ಯಾರು ನಿಮಗೆ ಬರೆಯೋಕೆ ಹೇಳಿದ್ದು? ಇದನ್ನ ಅಚ್ಚು ಹಾಕಿ ನಮ್ಮ ಮಾನ ಹರಾಜು ಹಾಕ್ತೀರಾ?”

“ನಾನು ಹೇಳಿದ್ದು, ನಾನೇ ನೋಡಲಿಲ್ಲ” ಅಂದರು ಚನ್ನವೀರಪ್ಪ. ಆ ಹಾಳೆ ಕೈಗೆ ತೆಗೆದುಕೊಂಡು ತಾವೇ ಇನ್ನೊಮ್ಮೆ ಓದಿದರು. “ಏಕಾಂತಯ್ಯ, ನಮ್ಮ ಜರ್ನಲ್ಲಲ್ಲಿ ಇದುವರೆಗೆ ಎಷ್ಟು ತಿದ್ದುಪಡಿ ಬಂದಿವೆ?”

“ಒಂದೂ ಇಲ್ಲ ಸಾರ್.”

“ತಪ್ಪೇ ಇರಲಿಲ್ವಾ?”

“ಬೇಕಾದಷ್ಟಿತ್ತು ಸಾರ್. ಯಾರೂ ಹೇಳಲಿಲ್ಲ.”

“ಅದೇ. ಓದಿದ್ರೆ ತಾನೇ ಹೇಳೋದು” ಅಂದರು ಡಾಕ್ಟರು. ಆಮೇಲೆ ತಮ್ಮ ಪೆನ್ನು ತೆಗೆದು ಏಕಾಂತಯ್ಯನವರ ಹೆಸರಿನ ಕೆಳಗೆ, ‘ಪರಿಶೀಲಿಸದೆ ಬಿಟ್ಟವನು ಚನ್ನವೀರಪ್ಪ, ಸಂಪಾದಕ’ ಅಂತ ಬರೆದರು. “ಅಕ್ಟೋಬರ್ ಸಂಚಿಕೆಯಲ್ಲಿ ಮೊದಲ ಪುಟಕ್ಕೆ ಹಾಕಿ. ಸಾರಾಂಶ ನಿಲ್ಲಿಸ್ಬೇಡಿ. ಹಾಕೋ ಮುಂಚೆ ನನಗೆ ಓದಿ ಹೇಳಿ, ಪೇಷೆಂಟ್ ಇದ್ರೂ ಪರವಾಗಿಲ್ಲ.” ಶಿವಬಸಪ್ಪನವರು ಆ ದಿನವೇ ಮಂಡಳಿ ಬಿಟ್ಟರು. ಜರ್ನಲ್ ನಿಲ್ಲಿಸುವ ಮಾತನ್ನು ಉಳಿದವರು ಎತ್ತಲಿಲ್ಲ.

ಅಕ್ಟೋಬರ್ ಸಂಚಿಕೆಯನ್ನು ಅತ್ತಿಗುಪ್ಪೆಗೆ ಏಕಾಂತಯ್ಯನವರೇ ಹೋಗಿ ಕೊಟ್ಟು ಬಂದರು. ಮುತ್ತವ್ವ ಊರುಗೋಲು ಬಿಟ್ಟು ಮನೆಯೊಳಗೆ ಓಡಾಡುತ್ತಿದ್ದಳು. ಬಂದ ಭಾನುವಾರ ಫಕೀರೇಶನ ಸ್ಕ್ರ್ಯಾಪ್ ಬಂತು. ಏಕಾಂತಯ್ಯ ಸ್ಕೇಲು ಹಿಡಿದು ಓದಿದರು:

“ಸರ್, ಮೊದಲನೇ ಪುಟ ಅವ್ವಗ ಓದಿ ಹೇಳಿದೆ. ಹಿಂಗ ಬರೀ ಅಂತ ಹೇಳಿ ಕಳಿಸ್ಯಾಳ, ಅವಳ ಮಾತು ಇದು. ತಪ್ಪಾತು ಅಂತ ಮನೀತನಕ ಬಂದು ಹೇಳಿದವರ್ನ ನಾ ಈಗ ನೋಡಿದ್ನಿ. ಇನ್ನ ಮ್ಯಾಲ ನೀವು ಬರದದ್ದು ನಂಬತೀನ್ರಿ. ಮುಂದಿನ ಪುಸ್ತಕ ಯಾವಾಗ ಬರ್ತೈತ್ರಿ?”

ಮೂವತ್ತೊಂದು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲಿಲ್ಲ. ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಂಡರು. ಮಗಳಿಗೆ ಹೇಳಿ ಅದನ್ನು ಕಾಗದದ ಮೇಲೆ ಪ್ರಿಂಟ್ ತೆಗೆಸಿಕೊಂಡರು. ಅಭ್ಯಾಸಬಲದಿಂದ ಕೆಂಪು ಪೆನ್ನು ಕೈಗೆ ಬಂದಿತ್ತು. ಆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂಬತ್ತು ತಪ್ಪು ಕಂಡವು. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡು, ಹಾಳೆಯನ್ನು ಹಾಗೇ ಫೈಲಿಗೆ ಸೇರಿಸಿದರು.